ದಾಸವಾಳಕ್ಕೆ ನಾನು ಬರೆದ ಎಲೆಗಳು

ಬಾಲಾನಗರ, ಹೈದರಾಬಾದ್
೨೦ ಫೆಬ್ರವರಿ ೨೦೦೧

ಅವ್ವನ ಸ್ಥಾನದಲ್ಲಿರುವ ವತ್ಸಲಕ್ಕನಿಗೆ ತಂಗಿ ನಲಿನಿಯ ನಮಸ್ಕಾರಗಳು.

ನೀನು ಕಳಿಸಿದ ಸಂಬಂಧದವರು ಮೊನ್ನೆ ಭಾನುವಾರ ನನ್ನ ಲಹರಿಯನ್ನು ನೋಡಲು ಬಂದಿದ್ದರು. ಅವತ್ತಿನ ದಿಗಿಲು ಇನ್ನೂ ಇಳಿದಿಲ್ಲ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಮೊದಲೇ ಹೇಳಿಬಿಡುತ್ತೇನೆ. ಲಹರಿ ಸಾಫ್ಟ್‌ವೇರ್ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲಿ ಕೂತದ್ದು ಟೈಫಾಯ್ಡ್ ಆಗಿ ಅಲ್ಲ. ಮನಸ್ಸಿಗೆ ಕಾಯಿಲೆಯಾಗಿತ್ತು. ಊಟವಿಲ್ಲ, ಮಾತಿಲ್ಲ, ಸ್ನಾನಕ್ಕೂ ನಾನೇ ಎಬ್ಬಿಸಬೇಕು. ನಿನಗೂ ಸುಳ್ಳು ಹೇಳಿದ್ದೆ. ಮಾತ್ರೆಯ ಜೊತೆಗೆ ಚಿತ್ರ ಬರೆಯಲು ಡಾಕ್ಟರು ಹೇಳಿದರು. ಅವಳು ಬಾಲ್ಕನಿಯ ದಾಸವಾಳದ ಕುಂಡದ ಮುಂದೆ ಜಲವರ್ಣ ಹಿಡಿದು ಕೂತಳು. ಬಾಡಿದ್ದು, ಎಲೆ ಉದುರಿ ಬೋಳಾದದ್ದು, ಆಮೇಲೆ ಚಿಗುರಿದ್ದು, ಬರೆದದ್ದೆಲ್ಲವೂ ಅದೇ ಗಿಡ.

ನೋಡಲು ಬಂದವರಿಗೆ ಹುಡುಗಿಯ ಕೈಕೆಲಸ ತೋರಿಸುವುದು ನಮ್ಮಲ್ಲಿ ಇದ್ದದ್ದೇ. ನನ್ನ ಕಸೂತಿಯನ್ನು ನೀನೇ ಗೋಡೆಗೆ ಹಾಕಿರಲಿಲ್ಲವೇ? ನಾನೂ ಚಿತ್ರಗಳನ್ನು ಸಾಲಾಗಿ ತೂಗುಹಾಕಿದೆ. ಶುಭದ ಮಾತಿಗೆ ಬರುವವರ ಎದುರು ಬೋಳು ಗಿಡ ಯಾಕೆ ಎಂದು, ಅವಳ ಬಣ್ಣವನ್ನೇ ತೆಗೆದುಕೊಂಡು ಅದಕ್ಕೆ ಹಸಿರು ಎಲೆ ಬರೆದುಬಿಟ್ಟೆ.

ಹುಡುಗನ ತಾಯಿ ಉಷಾ ಅವರು ಅದನ್ನೇ ಮೆಚ್ಚಿ, "ಇದು ಭಾಳ ಚಂದ ಐತಿ ನೋಡ್ರಿ" ಎಂದರು. ಲಹರಿ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಈ ಎಲಿ ನಂದಲ್ಲರಿ, ಅವ್ವ ಬರದಾಳ. ಇದನ್ನ ಬರಿಯೋ ಮುಂದ ನನಗ ಬದುಕೋದ ಬ್ಯಾಡಾಗಿತ್ತು" ಎಂದಳು.

ಅಕ್ಕಾ, ಅದು ನನಗೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದೆ, ದಿನಾ ಅವಳ ತಲೆ ಬಾಚುತ್ತಿದ್ದೆ, ಗೊತ್ತಿರಲಿಲ್ಲ. ಆಮೇಲೆ ಯಾರು ಏನಂದರೋ ನನ್ನ ಕಿವಿಗೆ ಬೀಳಲೇ ಇಲ್ಲ. ಉಷಾ ಅವರು ಎದ್ದು ಹೊರಟರು. ಹುಡುಗ ಸುಮಂತ ಮಾತ್ರ ಆ ಚಿತ್ರದ ಎದುರಿನಿಂದ ಕದಲಲಿಲ್ಲ. ಅವರಪ್ಪ ಕೈ ಹಿಡಿದು ಕರೆದುಕೊಂಡು ಹೋಗಬೇಕಾಯಿತು.

ಅವರು ಹೋದ ಮೇಲೆ ಲಹರಿ ಒದ್ದೆ ಬಟ್ಟೆಯಿಂದ ನನ್ನ ಎಲೆಗಳನ್ನು ಒರೆಸಲು ನೋಡಿದಳು. ಹೋಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಇರಲಿ ಬಿಡವ್ವ, ಇನ್ನೊಂದು ಬರೀತೀನಿ" ಎಂದಳು. ಸಂಬಂಧ ಕೆಟ್ಟಿತೆಂದು ನನ್ನನ್ನು ಬೈಯಿ, ಅವಳನ್ನು ಬೈಯಬೇಡ.

ನಿನ್ನ ತಂಗಿ,
ನಲಿನಿ

ತಾ.ಕ.: ಪತ್ರ ಅಂಟಿಸುವಷ್ಟರಲ್ಲಿ ಉಷಾ ಅವರ ಫೋನ್ ಬಂತು. ಇಂಥ ಹುಡುಗಿ ತಮ್ಮ ಮನೆಗೆ ಹೊಂದುವುದಿಲ್ಲ ಎಂದರು. ಹೂಂ ಎಂದೆ. ಫೋನ್ ಇಡುವ ಮೊದಲು ದನಿ ತಗ್ಗಿಸಿ ಲಹರಿಯ ಡಾಕ್ಟರ ವಿಳಾಸ ಕೇಳಿದರು. "ಯಾರ ಮುಂದೂ ಹೇಳಬ್ಯಾಡ್ರಿ, ನಮ್ಮ ಸುಮಂತಗ ಬೇಕಾಗೇತಿ" ಎಂದರು.