ಕಣ್ಣಿಗೆ ಕಾಣದ ಕುಂಬಳಕಾಯಿ

ಊಟದ ವೆಚ್ಚ ಮರುಪಾವತಿ ವಿಭಾಗದ ಅಧಿಕಾರಿಗಳಿಗೆ ನಮಸ್ಕಾರ.

“ಊಟದಲ್ಲಿ ತರಕಾರಿ ಕಂಡುಬಂದಿಲ್ಲ” ಎಂದು ಬರೆದು ನಮ್ಮ ಶಿಶುಪಾಲನಾ ಕೇಂದ್ರದ ಅರ್ಜಿಯನ್ನು ವಾಪಸು ಕಳಿಸಿದ್ದೀರಿ. ಸ್ವಾಮಿ, ಅದು ಕಾಣಬಾರದೆಂದೇ ನಾನು ದಿನಾ ಬೆಳಿಗ್ಗೆ ರಟ್ಟೆ ನೋಯುವ ಹಾಗೆ ಕುಂಬಳಕಾಯಿ ಬೇಯಿಸಿ ಅರೆಯುವುದು! ಹೋಳು ಕಣ್ಣಿಗೆ ಬಿದ್ದರೆ ಸಾಕು, ಮೂರು ವರ್ಷದ ಮಕ್ಕಳು ಆರಿಸಿ ಮೇಜಿನಡಿಗೆ ಎಸೆಯುತ್ತಾರೆ. ಅರೆದು ಸೂಪಿಗೆ ಬೆರೆಸಿದರೆ ಬಟ್ಟಲು ನೆಕ್ಕುತ್ತಾರೆ.

ತಪಾಸಣೆಗೆ ಬಂದ ನಿಮ್ಮವರೂ ನೆಕ್ಕಿದರು. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಎರಡು ಬಟ್ಟಲು ಕುಡಿದು, “ಇಷ್ಟು ಒಳ್ಳೇ ಬಣ್ಣ ಹೇಗೆ ಬಂತಜ್ಜಿ?” ಅಂದರು.

“ಕುಂಬಳಕಾಯಿದು ಕಣಪ್ಪ.”

“ರುಚಿಯೇನೋ ಸರಿ ಅಜ್ಜಿ. ಆದ್ರೆ ಫಾರಂನಲ್ಲಿ ಕಣ್ಣಿಗೆ ಕಾಣ್ಬೇಕು ಅಂತಿದೆ.”

ಬಾಯಿ ಒರೆಸಿಕೊಂಡು ಬರೆದೇಬಿಟ್ಟರು. ನಿಮ್ಮ ದುಡ್ಡು ಬರದಿದ್ದರೆ ಮುಂದಿನ ವಾರದಿಂದ ಮಕ್ಕಳಿಗೆ ಬರೀ ಬ್ರೆಡ್ಡೇ ಗತಿ.

ಅರ್ಜಿಯನ್ನು ಮತ್ತೆ ಕಳಿಸುತ್ತಿದ್ದೇನೆ. ಜೊತೆಗೆ ಇವತ್ತಿನ ಕುಂಬಳಕಾಯಿಯ ಸಿಪ್ಪೆಯನ್ನೂ ಲಕೋಟೆಯಲ್ಲಿ ಇಟ್ಟಿದ್ದೇನೆ, ಕಣ್ತುಂಬ ನೋಡಿಕೊಳ್ಳಿ. ತಿರುಳು ಕಳಿಸಲು ಆಗಲಿಲ್ಲ, ಅದನ್ನು ಮಕ್ಕಳು ತಿಂದಿದ್ದಾರೆ.

ಇಂತಿ,
ಕೇಂದ್ರದ ಅಡುಗೆಯವಳು,
ಮಕ್ಕಳ ಬಾಯಲ್ಲಿ ಸೌಟಜ್ಜಿ