ನೂರೀನ್ ಬರೆದ ಒಂದು ಸಾಲು

ಜುಲೈ ೧೪, ಸೋಮವಾರ. ಬಸವಕಲ್ಯಾಣ.

ಕೊಟ್ಟ ಮಾತು: ಕಂಪ್ಯೂಟರ್ ಭಾಷೆ ಜಾವಾ ಬಲ್ಲವರಿಗೆ ಹುಮನಾಬಾದಿನ ತರಬೇತಿ ಕೇಂದ್ರದಲ್ಲಿ ಕಲಿಸುವ ಕೆಲಸ. ನಿರಾಕರಿಸಿದ್ದು: ನಮ್ಮ ಕಂಪ್ಯೂಟರ್ ಕಲಿಕೆಯ ಸಂಘದಲ್ಲಿ, ಹಣ ಕೊಡದೆ ಬಳಸಬಹುದಾದ ಉಚಿತ ಜಾವಾದ ಮೇಲೆ ಕಲಿತ ನೂರೀನ್‌ಗೆ ಆ ಕೆಲಸ.

ಅವಳ ಪ್ರೋಗ್ರಾಂ ಕೇಂದ್ರದವರು ಹಣ ಕೊಟ್ಟು ಕೊಂಡ ಲೈಸೆನ್ಸಿನ ಜಾವಾದಲ್ಲೂ ಒಂದಕ್ಷರ ತಿದ್ದದೆ ಓಡಿತು. ಕೇಂದ್ರದ ವ್ಯವಸ್ಥಾಪಕ ಕಣ್ಣಾರೆ ನೋಡಿದ. ಆದರೂ, "ಪುಕ್ಕಟೇದ್ದು ನಡಿಯಂಗಿಲ್ರಿ, ಕಂಪನೀದ ಬೇಕು" ಎಂದ.

"ನೀವೂ ಪುಕ್ಕಟೆ ಗಾಳೀನ ಕುಡದು ಮಾತಾಡಾಕತ್ತೀರಲ್ರಿ!" ಎಂದೆ. ನಕ್ಕು ಅರ್ಜಿ ಮಡಚಿಟ್ಟ.

ಅರ್ಜಿಯ 'ಯಾವ ಜಾವಾ' ಎಂಬ ಅಂಕಣವನ್ನು ಬೇರೆ ಅರ್ಜಿದಾರರು ಖಾಲಿ ಬಿಟ್ಟಿದ್ದರು. ಇವಳು 'ಉಚಿತ ಆವೃತ್ತಿ' ಎಂದು ಬರೆದಿದ್ದಳು. ತಲೆ ಎತ್ತಿ ಬರೆ ಎಂದವಳು ನಾನೇ.

ವಾಪಸು ಬರುವಾಗ ಬಸ್ಸಿನಲ್ಲಿ ನೂರೀನ್ ಕೇಳಿದಳು: "ಅಕ್ಕಾ, ಖಾಲಿ ಬಿಡಬೇಕಿತ್ತೇನ್ರಿ?"

ಸಾಕಾಗಿದೆ. ಆದರೆ ಬರೆದದ್ದು ತಪ್ಪಲ್ಲ, ಅವಳೊಬ್ಬಳೇ ಬರೆದದ್ದು ತಪ್ಪು. ಸಂಘದ ಹದಿನೇಳು ಮಂದಿಯೂ ಅದೇ ಸಾಲು ಬರೆದು ಅರ್ಜಿ ಒಯ್ಯಬೇಕು. ಒಪ್ಪುತ್ತಾರೋ ಇಲ್ಲವೋ, ಕೇಳಬೇಕು. ಸಭೆ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ.