ಒಂದು ಗುಡ್ಡೆ ಬರ್ಕೊಳ್ಳಿ

24-3-2001, ಶನಿವಾರ. ಗೂಳೂರು

ಇವತ್ತಿನಿಂದ ಹಾಲು ಕಾಲು ಲೀಟರ್. ಕಾಫಿಗೆ ಮಾತ್ರ. ಮೊಸರು ನಿಂತು ತಿಂಗಳಾಯಿತು, ಮೊಟ್ಟೆ ಅದಕ್ಕೂ ಮೊದಲೇ. ಇವರ ಫ್ಯಾಕ್ಟರಿಗೆ ಬೀಗ ಬಿದ್ದು ಐದು ತಿಂಗಳು. ಸಂಬಳ ನಿಂತರೆ ಮೊದಲು ಗೊತ್ತಾಗುವುದು ಒಲೆಗೇ.

ಸಂಜೆ ವೆಂಕಟರಂಗಯ್ಯ ಬಂದರು. ಯುಗಾದಿ ಮಾರನೆ ದಿನ, ವರ್ಷತೊಡಕಿಗೆ, ಬೀದಿಯವರೆಲ್ಲ ಸೇರಿ ಕುರಿ ಕೊಯ್ಯಿಸಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರಲ್ಲ, ಅದರ ಪಟ್ಟಿ ಹಿಡಿದು.

"ಲಕ್ಷ್ಮೀಕಾಂತಂಗೆ ಎರಡು ಗುಡ್ಡೆ ತಾನೇ ಕಣವ್ವ?"

ಪ್ರತಿ ವರ್ಷ ಇವರ ಹೆಸರಲ್ಲಿ ಎರಡೇ. ದುಡ್ಡಿಲ್ಲ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಬಂದದ್ದೇ ಬೇರೆ…

"ಈ ವರ್ಸ ಬ್ಯಾಡ ಕಣಣ್ಣ. ಮನೆದೇವ್ರಿಗೆ ಹರಕೆ ಹೊತ್ತಿದೀವಿ. ಬಾಡು ಮುಟ್ಟಲ್ಲ."

ಅವರು ಕೈ ಮುಗಿದು ಹೋದರು. ಯಾವ ಹರಕೆ? ನನ್ನ ಬಾಯಿಗಿಷ್ಟು ಬೆಂಕಿ ಹಾಕ.

27-3-2001, ಮಂಗಳವಾರ

ಬೀದಿ ತುಂಬ ಮಸಾಲೆ ವಾಸನೆ. ನಮ್ಮನೆಯಲ್ಲಿ ಹುರುಳಿಕಾಳು ಸಾರು. ಅತ್ತೆಗೆ ಬಾಡೆಂದರೆ ಪ್ರಾಣ — ಒಂದು ಮೂಳೆ ಸಿಕ್ಕರೆ ಅರ್ಧ ಗಂಟೆ ಚೀಪುತ್ತಾ ಕೂರುವವರು. ಇವತ್ತು ಅದನ್ನೇ ಉಂಡರು. ಉಂಡ ಮೇಲೆ ಅರಿಶಿನದ ಬಟ್ಟೆಗೆ ಕಾಸು ಕಟ್ಟಿ ದೇವರ ಗೂಡಿನಲ್ಲಿಟ್ಟರು.

"ದೇವ್ರ ಹೆಸ್ರಲ್ಲಿ ನೀನು ಸುಳ್ಳು ಹೇಳ್ಬುಟ್ಟೆ ಕಣೇ. ಅದನ್ನ ನಿಜ ಮಾಡ್ಬೇಕು. ಈ ಮನೆಗೆ ತಿರ್ಗಾ ಸಂಬ್ಳ ಬರೋಗಂಟ ನಾನು ಬಾಡು ಮುಟ್ಟಲ್ಲ."

ತಪ್ಪು ನನ್ನದು. ಬಾಯಿ ಕಟ್ಟಿಕೊಂಡವರು ಅವರು.

9-7-2001, ಸೋಮವಾರ, ಬೆಳಿಗ್ಗೆ 5

ಕ್ಯಾತ್ಸಂದ್ರದ ಹಾಸ್ಟೆಲ್ಲಲ್ಲಿ ನನಗೆ ಅಡುಗೆ ಕೆಲಸ ಸಿಕ್ಕಿದೆ. ಇವತ್ತೇ ಡ್ಯೂಟಿ. ರಾತ್ರಿಯೆಲ್ಲ ಇವರ ಮುಖ ಊದಿತ್ತು. "ಊರೋರು ಏನಂತಾರೆ?" ಅಂದರು. "ಊರೋರು ಹಾಲು ಹಾಕ್ತಾರಾ?" ಅಂದೆ. ಬಸ್ಸಿಗೆ ಹೊತ್ತಾಯಿತು.

12-8-2001, ಭಾನುವಾರ

ಮೊದಲ ಸಂಬಳ. ಹಾಲು ಅರ್ಧ ಲೀಟರ್ ಮಾಡಿದೆ. ತುಮಕೂರಿಂದ ಅರ್ಧ ಕೆ.ಜಿ. ಮಟನ್ ತಂದು ಸಾರು ಮಾಡಿದೆ. ಅತ್ತೆ ತಟ್ಟೆ ಸರಿಸಿದರು.

"ನನ್ ಮಗನ ಸಂಬ್ಳ ಬರ್ಲಿ."

ಹಾಗಾದರೆ ನನ್ನದು ಏನು? ಭಿಕ್ಷೆಯಾ? ಸಿಟ್ಟಿಗೆ ನಾನೂ ತಿನ್ನಲಿಲ್ಲ. ಇವರೊಬ್ಬರೇ ತಲೆ ತಗ್ಗಿಸಿಕೊಂಡು ಉಂಡರು.

8-4-2002, ಸೋಮವಾರ

ಹಾಲು ಒಂದು ಲೀಟರ್. ದಿನಾ ಹೆಪ್ಪು ಹಾಕುತ್ತೇನೆ, ಮೊಟ್ಟೆ ಬರುತ್ತದೆ. ಇವರ ಫ್ಯಾಕ್ಟರಿಯ ಬೀಗ ಇನ್ನೂ ತೆಗೆದಿಲ್ಲ; ಅತ್ತೆಯ ಕೆನ್ನೆ ಮಾತ್ರ ಒಳಗೆ ಹೋಗಿದೆ. ಅವರ ತಮ್ಮನ ಮನೆ ಬೀಗರೂಟದಲ್ಲೂ ಬರೀ ಅನ್ನ ಮಜ್ಜಿಗೆ ಉಂಡು ಬಂದರಂತೆ.

ಸಂಜೆ ವೆಂಕಟರಂಗಯ್ಯ ವರ್ಷತೊಡಕಿನ ಪಟ್ಟಿ ಹಿಡಿದು ನಮ್ಮ ಬಾಗಿಲು ದಾಟಿ ಪಕ್ಕದ ಮನೆಗೆ ಹೋದರು. ಹರಕೆಯವರಲ್ಲವಾ ನಾವು. ಹಿಂದೆಯೇ ಹೋಗಿ ನಿಲ್ಲಿಸಿದೆ.

"ಹೋದ್ ವರ್ಸ ಹರಕೆ ಅಂದಿದ್ದು ಸುಳ್ಳು ಕಣಣ್ಣ. ದುಡ್ಡಿರ್ಲಿಲ್ಲ. ಈಗ ದುಡೀತಿದೀನಿ. ಒಂದು ಗುಡ್ಡೆ ಬರ್ಕೊಳ್ಳಿ."

"ಲಕ್ಷ್ಮೀಕಾಂತ ಅಂತ ತಾನೇ?"

"ಶಶಿರೇಖಾ ಅಂತ."

ನನ್ನ ಮುಖ ನೋಡಿ ಬರೆದುಕೊಂಡರು.

ಮನೆಗೆ ಬಂದು ಅತ್ತೆಯ ಮುಂದೆ ಕೂತೆ.

"ಅತ್ತೆ, ಕಾಸು ಕಟ್ಟುವಾಗ ಏನಂದ್ರಿ? 'ಈ ಮನೆಗೆ ಸಂಬ್ಳ' ಅಂದ್ರಿ. ಮಗನ ಸಂಬ್ಳ ಅನ್ಲಿಲ್ಲ. ನಾನು ಈ ಮನೆಯವಳಲ್ವಾ?"

ಅವರು ಎದ್ದು ದೇವರ ಗೂಡಿನ ದೀಪಕ್ಕೆ ಎಣ್ಣೆ ಹಾಕಿದರು. ಇರಲಿ. ಗುಡ್ಡೆ ಬರುತ್ತದೆ, ಬೇಯಿಸುತ್ತೇನೆ, ಬಡಿಸುತ್ತೇನೆ.

14-4-2002, ಭಾನುವಾರ, ಮಧ್ಯಾಹ್ನ

ಬೆಳಿಗ್ಗೆ ಇವರೇ ಪಾತ್ರೆ ಹಿಡಿದು ಹೋದರು. ಅಲ್ಲಿ "ಶಶಿರೇಖಾ" ಎಂದು ಕೂಗಿದಾಗ ಇವರೇ ಮುಂದೆ ಹೋಗಿ ಈಸಿಕೊಂಡರಂತೆ. ಬಂದು ಈರುಳ್ಳಿ ಸುಲಿಯಲು ಕೂತರು.

ಸಾರು ಕುದಿಯುವಾಗ ಅತ್ತೆ ಸ್ನಾನ ಮಾಡಿ ಗೂಡಿನಿಂದ ಅರಿಶಿನದ ಬಟ್ಟೆ ತೆಗೆದರು. ನನ್ನ ಕೈಗಿಟ್ಟರು.

"ಸಂಬ್ಳ ತರೋರೇ ಮನೆದೇವ್ರ ಹುಂಡೀಗ್ ಹಾಕ್ಬೇಕು. ನೀನೇ ಹಾಕು."

ಆಮೇಲೆ ತಟ್ಟೆ ಹಾಕಿಕೊಂಡು ಕೂತರು. "ಮೂಳೆ ಇರೋದ್ ಹಾಕೇ."

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಳು ನಿಲ್ಲುತ್ತಿಲ್ಲ. ಮೂಳೆ ಚೀಪುವ ಸದ್ದು ಇಲ್ಲಿಗೂ ಕೇಳುತ್ತಿದೆ. ಕರೆಯುತ್ತಿದ್ದಾರೆ… "ಶಶೀ, ಇನ್ನೊಂದ್ ಸೌಟು —"